ಹೊಸ್ತಿಲಲ್ಲಿ ಹೆಸರು ಹೇಳುವ ಮನೆ

ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ಯಾರೇ ಬರಲಿ, ಹೊಸ್ತಿಲ ಆಚೆ ನಿಂತು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿಯೇ ಒಳಗೆ ಕಾಲಿಡಬೇಕು. ಮಗ ಕೆಲಸ ಮುಗಿಸಿ ಬಂದರೂ ಹೇಳುತ್ತಾನೆ, ಸೊಸೆ ಸವಿತಾ ಸಂತೆಯಿಂದ ಕಾಯಿಪಲ್ಲೆ ಹೊತ್ತು ತಂದಾಗಲೂ ಹೇಳುತ್ತಾಳೆ. ಮದುವೆಯಾಗಿ ಬಾಗೇವಾಡಿಯ ಈ ಮನೆಗೆ ಬಂದ ಹೊಸದರಲ್ಲಿ ಅವಳು ಒಂದು ವಾರ ನಕ್ಕಳು. ಎರಡನೆಯ ವಾರ ತನ್ನ ತವರಿನವರಿಗೂ ಕಲಿಸಿಬಿಟ್ಟಳು. ಈಗ ನಾನು ಹೇಳುತ್ತಿದ್ದೇನೆ, ಅವಳು ಎದುರು ಕುಳಿತು ಟೈಪ್ ಮಾಡುತ್ತಿದ್ದಾಳೆ. ನನಗೆ ಬೆರಳು ನೋಯುತ್ತವೆ, ಅದಕ್ಕೆ. ಈ ರೂಢಿ ಎಲ್ಲಿಂದ ಬಂತು ಎಂದು ಅವಳು ಎಷ್ಟೋ ಸಲ ಕೇಳಿದ್ದಾಳೆ. ಹಿರಿಯರ ಕಾಲದಿಂದ ಬಂದದ್ದು ಎಂದು ಜಾರಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅದು ಹುಟ್ಟಿದ್ದು ಸಿಂದಗಿಯಲ್ಲಿ, ನನ್ನ ತವರಿನ ಹಳೆಯ ಮನೆಯಲ್ಲಿ, ಏಳೆಂಟು ವರ್ಷದ ನಾನು ಮಾಡಿದ ಒಂದು ಕಿಡಿಗೇಡಿತನದಿಂದ.

ಅದು ಮಾಳಿಗೆ ಮನೆ. ಮೇಲೆ ಮಣ್ಣಿನ ಛಾವಣಿ, ಮೊಳ ದಪ್ಪದ ಗೋಡೆ, ಕಿಟಕಿ ಎಂಬುದು ಹೆಸರಿಗೂ ಇಲ್ಲ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರು ಕಿಟಕಿ ಇಡುತ್ತಿರಲಿಲ್ಲ. ಒಳಗೆ ಬೇಸಿಗೆಯಲ್ಲೂ ತಂಪು, ಹಾಗೆಯೇ ಹಾಡುಹಗಲಲ್ಲೂ ಕತ್ತಲು. ಪಡಸಾಲೆಯ ಮೇಲೆ ಮಾತ್ರ ಒಂದು ಬೆಳಕಿಂಡಿ ಇತ್ತು. ಅದರಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಪಡುವಣ ಗೋಡೆಯ ಬುಡದಲ್ಲಿ, ಊಟದ ಹೊತ್ತಿಗೆ ಪಡಸಾಲೆಯ ನಡುವೆ, ಇಳಿಹೊತ್ತಿಗೆ ಮೂಡಣ ಗೋಡೆಯ ಬೀಸುಕಲ್ಲಿನ ಹತ್ತಿರ. ನಾನು ಆ ಬಿಸಿಲಿನಲ್ಲಿ ಕಾಲಿಟ್ಟು ತೆಗೆದು ಆಡುತ್ತಿದ್ದೆ. ನಮಗೆ ಗಡಿಯಾರವೂ ಅದೇ. ಬಿಸಿಲು ಬೀಸುಕಲ್ಲು ಮುಟ್ಟಿತೆಂದರೆ ಅಪ್ಪ ಶಾಲೆಯಿಂದ ಬರುವ ಹೊತ್ತಾಯಿತು ಎಂದು ಅವ್ವ ಚಹಾಕ್ಕೆ ನೀರಿಡುತ್ತಿದ್ದಳು.

ಆ ಮನೆಯ ಯಜಮಾನಿಕೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಒಲೆಯ ಮುಂದಿನ ಮಣೆ ಅವಳದು, ಬೇರೆ ಯಾರೂ ಕೂಡುವಂತಿಲ್ಲ. ಅವಳು ಬಡಿದ ರೊಟ್ಟಿ ಎಂದೂ ಸೀಯುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಅಂಚಿನಿಂದ ಅಂಚಿಗೆ ಸಣ್ಣ ಹೊಲಿಗೆ ಹಾಕುತ್ತ ಹೋದರೆ ಒಂದು ಹೊದಿಕೆಯಾಗುತ್ತದೆ. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲು ಮಲಗಿದ್ದು ಆಯಿಯ ಕೌದಿಯ ಮೇಲೆ. ಆ ವರ್ಷ ಅವ್ವ ಬಸುರಿ. ಬರುವ ಕೂಸಿಗೆಂದು ಆಯಿ ಒಂದು ಕೌದಿ ಹಿಡಿದಿದ್ದಳು. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಒಂದು ಸಲಕ್ಕೆ ಹತ್ತು ಸೂಜಿ ಪೋಣಿಸಿಟ್ಟು ಆಟಕ್ಕೆ ಓಡುತ್ತಿದ್ದೆ.

ಅದೇ ವರ್ಷ ಆಯಿಯ ತಲೆ ಕೆಟ್ಟಿತು ಎಂದು ಮನೆಯಲ್ಲಿ ಮಾತು ಹುಟ್ಟಿತು. ಯುಗಾದಿಗೆ ಮನೆ ಸಾರಿಸುವಾಗ ಅಪ್ಪನ ತಮ್ಮ, ನಮ್ಮ ಕಾಕಾ, ನಾಗೊಂದಿಗೆಯ ಹಲಗೆಯ ಮೇಲಿನ ಡಬ್ಬಿಗಳನ್ನು ಹಿಂದುಮುಂದಾಗಿ ಇಟ್ಟಿದ್ದ. ಮರುದಿನದಿಂದ ರೊಟ್ಟಿಗೆ ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಕೇಳಿದರೆ ಆಯಿ ಅಗಸಿ ಹಿಂಡಿ ಬಡಿಸತೊಡಗಿದಳು. ಗೂಟಕ್ಕೆ ನೇತುಹಾಕಿದ ಕಾಕಾನ ಅಂಗಿಗೆ ಒಮ್ಮೆ ‘ಊಟ ಮಾಡಿದೇನಪಾ?’ ಎಂದು ಕೇಳಿದಳು. ನಾನು ಬಿದ್ದು ಬಿದ್ದು ನಕ್ಕೆ. ಎಲ್ಲಕ್ಕಿಂತ ಹೆಚ್ಚಿನ ಮಾತೆಂದರೆ ಅವಳು ಕುಳಿತಲ್ಲಿ ಕೂಡುತ್ತಿರಲಿಲ್ಲ. ಕೌದಿ ಎಳೆದುಕೊಂಡು ಸ್ವಲ್ಪ ಹೊತ್ತು ಇಲ್ಲಿ, ಸ್ವಲ್ಪ ಹೊತ್ತು ಅಲ್ಲಿ. ಓಡಾಡುವವರ ಕಾಲಿಗೆ ಅಡ್ಡ.

‘ಅವ್ವಾ, ಒಂದ ಕಡೆ ಗಟ್ಟಿ ಕುಂದ್ರಬಾರದೇನು? ಬೆಕ್ಕು ಮರಿ ಎತ್ತಿಕೊಂಡು ತಿರಗಿದಂಗ ತಿರಗತಿ’ ಎಂದು ಕಾಕಾ ಬೈಯುತ್ತಿದ್ದ.

ಆಯಿ ಕೌದಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು, ಅಷ್ಟೇ. ಮೊದಲಾಗಿದ್ದರೆ ಒಂದಕ್ಕೆ ಎರಡು ಅನ್ನುವ ಹೆಂಗಸು.

ನಮ್ಮ ಕಡೆ ಇನ್ನೊಂದು ಚಾಳಿಯಿದೆ, ಈಗಲೂ ಇದೆ. ವಯಸ್ಸಾದವರನ್ನು ನೋಡಲು ಬಂದವರು ನಮಸ್ಕಾರ ಮಾಡಿ ಸುಮ್ಮನೆ ಕೂಡುವುದಿಲ್ಲ. ಎದುರಿಗೆ ನಿಂತು, ‘ನಾ ಯಾರು ಹೇಳ್ರಿ ನೋಡೂಣು?’ ಎನ್ನುತ್ತಾರೆ. ಮುದುಕರು ಸರಿಯಾಗಿ ಹೇಳಿದರೆ ಖುಷಿ, ತಪ್ಪಿದರೆ ಇನ್ನೂ ಖುಷಿ. ಮನೆಗೆ ಹೋಗುವಾಗ ಮಾತ್ರ ‘ಪಾಪ, ಗುರ್ತ ಉಳದಿಲ್ಲ’ ಎಂದು ಲೊಚಗುಟ್ಟುತ್ತಾರೆ. ಆಯಿ ಈ ಪರೀಕ್ಷೆಯಲ್ಲಿ ಯಾವತ್ತೂ ಪಾಸು. ಬಂದವರು ಒಂದು ಮಾತು ಆಡಿದರೆ ಸಾಕು, ಹೆಸರಿನ ಜೊತೆ ಅವರ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂಬುದನ್ನೂ ಹೇಳುತ್ತಿದ್ದಳು. ನನಗೆ ಇದನ್ನು ನೋಡುವುದೆಂದರೆ ಬಯಲಾಟ ನೋಡಿದಷ್ಟು ಮೋಜು. ಆದರೆ ಅವಳು ಯಾವಾಗಲೂ ಗೆಲ್ಲುತ್ತಾಳಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಹೀಗಿರುವಾಗ ಒಂದು ದಿನ ತಂಗಡಗಿ ಮುತ್ಯಾ ಬಂದ. ಆಯಿಯ ಒಬ್ಬನೇ ತಮ್ಮ. ಕೃಷ್ಣೆಯ ದಂಡೆಯಲ್ಲಿ ಅವನ ಹೊಲ. ಅಲ್ಲಿಂದ ಮುದ್ದೇಬಿಹಾಳ, ಬಾಗೇವಾಡಿ ಎಂದು ಬಸ್ಸು ಬದಲಿಸಿ ಬರುತ್ತಿದ್ದ. ತಾಯಿ ಬೇಗ ಸತ್ತದ್ದರಿಂದ ಆಯಿಯೇ ಅವನನ್ನು ಬಗಲಲ್ಲಿ ಹೊತ್ತು ಬೆಳೆಸಿದ್ದಳು. ನಾನು ಕಟ್ಟೆಯ ಮೇಲೆ ಆಡುತ್ತಿದ್ದವಳು ಅವನನ್ನು ಬೀದಿಯಲ್ಲೇ ಹಿಡಿದೆ.

‘ಮುತ್ಯಾ, ಚಪ್ಪಲಿ ಇಲ್ಲೇ ಬಿಡು. ಸಪ್ಪಳ ಮಾಡಬ್ಯಾಡ, ಮಾತಾಡಬ್ಯಾಡ. ಬಾಗಲದಾಗ ಸುಮ್ಮ ನಿಂದ್ರು. ಆಯಿ ಗುರ್ತ ಹಿಡೀತಾಳೋ ಇಲ್ಲೋ ನೋಡೂಣು!’

ಅವನೂ ಹುಡುಗಾಟಿಕೆಯ ಮನುಷ್ಯ. ಬರಿಗಾಲಲ್ಲಿ ಬಂದು ಬಾಗಿಲ ಚೌಕಟ್ಟಿನಲ್ಲಿ ನಿಂತ. ಅವನ ಬೆನ್ನಿಗೆ ಹೊರಗಿನ ಉರಿಬಿಸಿಲು. ಆಯಿ ತಲೆಯೆತ್ತಿದಳು, ಕಣ್ಣು ಕಿರಿದು ಮಾಡಿ ನೋಡಿದಳು, ಮತ್ತೆ ಕೌದಿಗೆ ಬಾಗಿದಳು.

‘ಇವತ್ತ ಎಣ್ಣಿ ಬ್ಯಾಡಪಾ. ಬರೂ ವಾರ ಬಾ.’

ನಾನು ಚಪ್ಪಾಳೆ ತಟ್ಟಿದೆ. ನಗು ನನ್ನದೊಂದೇ. ಮುತ್ಯಾ ನಿಂತಲ್ಲೇ ಕುಸಿದು ಹೊಸ್ತಿಲ ಮೇಲೆ ಕುಳಿತ. ‘ಅಕ್ಕಾ, ನಾನಽ ನನ್ನವ್ವಾ’ ಎಂದು ಆರು ಅಡಿಯ ಆಳು ಅಳತೊಡಗಿದ. ಆಯಿಯ ಕೈಯಿಂದ ಸೂಜಿ ಬಿತ್ತು. ಅವಳ ಮುಖ ಹೇಗಾಯಿತೆಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದು ತಮ್ಮನನ್ನು ಮರೆತವಳ ಮುಖವಲ್ಲ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಮುಖ. ಆದರೆ ಅದನ್ನು ತಿಳಿಯುವ ಬುದ್ಧಿ ಆಗ ನನಗಿರಲಿಲ್ಲ.

ಅಂದು ಊಟಕ್ಕೆ ಕುಳಿತಾಗ ಕಾಕಾ ತೀರ್ಪು ಕೊಟ್ಟ. ಅವನು ಕೆಟ್ಟವನಲ್ಲ.

‘ಅಣ್ಣಾ, ಇನ್ನ ಮುಚ್ಚಿಟ್ಟು ಉಪಯೋಗಿಲ್ಲ. ಅರವತ್ತಕ್ಕ ಅರಳು ಮರಳು ಅಂತಾರಲ್ಲ, ಅದ. ಹೊಟ್ಟ್ಯಾಗ ಹುಟ್ಟಿದವರಂಗ ಸಾಕಿದ ತಮ್ಮನ್ನ ಎಣ್ಣಿಯಾಂವ ಅಂದ್ಳು. ಒಲಿ ಮುಂದ ಬಿಟ್ರ ಒಂದಿನ ಮನಿ ಸುಡ್ತಾಳ.’

ಅಪ್ಪ ಶಾಲೆಯಲ್ಲಿ ಮೂವತ್ತು ಮಕ್ಕಳನ್ನು ಒಂದು ಕಣ್ಣಲ್ಲಿ ಹಿಡಿಯುತ್ತಿದ್ದ ಮಾಸ್ತರ. ಮನೆಯಲ್ಲಿ ಬಾಯಿಲ್ಲ. ಅವನು ರೊಟ್ಟಿ ಮುರಿಯುತ್ತ ಹೋದ. ಮರುದಿನವೇ ಆಯಿಯ ಹಾಸಿಗೆ ಹಿಂದಿನ ಖೋಲಿಗೆ ಹೋಯಿತು. ಜೋಳದ ಚೀಲ, ಬೆಲ್ಲದ ಗಡಿಗೆ ಇಡುವ ಖೋಲಿ ಅದು. ಬೆಳಕಿಂಡಿಯೂ ಇಲ್ಲ. ಕಾಲಿಗೆ ಅಡ್ಡ ಬರುವವರಿಲ್ಲ, ಒಲೆಯೂ ದೂರ ಎಂದು ಕಾಕಾನ ಲೆಕ್ಕ. ಒಲೆಯ ಮುಂದಿನ ಮಣೆಯ ಮೇಲೆ ಅವ್ವ ಕುಳಿತಳು, ಬಸುರಿನ ಹೊಟ್ಟೆ ಹಿಡಿದುಕೊಂಡು, ಸಂಕೋಚದಿಂದ. ಕೌದಿಯನ್ನು ಮಡಚಿ ಚೀಲಗಳ ಮೇಲೆ ಎಸೆದರು. ಸೂಜಿಗಳನ್ನು ನಾನೇ ಎಣಿಸಿ ಅವ್ವನಿಗೆ ಕೊಟ್ಟೆ.

ಎರಡು ತಿಂಗಳು ಹಾಗೇ ಹೋದವು. ಮೊದಮೊದಲು ಆಯಿ ಒಳಗಿನಿಂದ ಕೂಗಿ ಮಾತಾಡುತ್ತಿದ್ದಳು. ‘ಹೌದ್ರಿ’ ಅನ್ನುವುದು ಬಿಟ್ಟು ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಅವಳೂ ಬಿಟ್ಟಳು. ಊಟದ ತಾಟು ಮುಂದಿದ್ದರೂ ‘ಇವತ್ತ ಊಟ ಆತೇನು?’ ಎಂದು ಕೇಳುತ್ತಿದ್ದಳು. ಇವತ್ತು ಯಾವ ವಾರ ಎಂದು ಒಂದೇ ದಿನ ನಾಲ್ಕು ಸಲ ಕೇಳಿದಳು. ನನ್ನನ್ನು ‘ಕಸ್ತೂರಿ’ ಎನ್ನುವ ಬದಲು ಎಂದೋ ಸತ್ತ ತನ್ನ ತಂಗಿಯ ಹೆಸರಿನಿಂದ ಕರೆದಳು. ಕಾಕಾ ಹೇಳಿದ್ದು ನಿಜವಾಗುತ್ತ ಬಂತು. ನನ್ನ ಒಂದು ಆಟದಿಂದ ಆಯಿ ಆ ಖೋಲಿ ಸೇರಿದಳು ಎಂಬುದು ಮಾತ್ರ ನನಗೆ ಗೊತ್ತಿತ್ತು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ಹೋಗಿದ್ದು ಬೆಲ್ಲದ ಆಸೆಗೆ. ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ ಉಸಿರು ಬಿಗಿಹಿಡಿದು ಒಳಗೆ ಹೊಕ್ಕೆ. ಆಯಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಗಡಿಗೆಗೆ ಕೈ ಹಾಕಿದೆ.

‘ಬೆಲ್ಲಾ ತಗೋ, ಬ್ಯಾಡನ್ನಂಗಿಲ್ಲ. ಆದ್ರ ಮುಚ್ಚಳ ಹಾಕು, ಇರಿವಿ ಬರ್ತಾವ’ ಎಂದಳು ಆಯಿ, ತಿರುಗದೆಯೇ. ‘ಕಸ್ತೂರಿ, ಬಲಗಾಲ ಎಳದಾಡಾಕತ್ತಿ. ಮುಳ್ಳ ಚುಚ್ಚೈತೇನು?’

ಮುಳ್ಳು ಚುಚ್ಚಿತ್ತು. ಅವ್ವನಿಗೂ ಹೇಳಿರಲಿಲ್ಲ. ತಲೆ ಹೋದವರಿಗೆ ಇದು ಹೇಗೆ ತಿಳಿಯುತ್ತದೆ? ಬೆಲ್ಲ ಕೈಯಲ್ಲಿಯೇ ಉಳಿಯಿತು. ಅವಳ ಹತ್ತಿರ ಕುಳಿತೆ.

‘ಆಯಿ, ತಂಗಡಗಿ ಮುತ್ಯಾಗ ಎಣ್ಣಿಯಾಂವ ಅಂತ ಯಾಕ ಅಂದಿ?’

‘ಮತ್ತೇನನ್ನಲಿ? ಬಾಗಲದಾಗ ಬಿಸಲ. ಬಿಸಲಾಗ ಒಂದು ಕರೀ ಕಂಬ ನಿಂತಂಗ ಕಂಡ್ತು. ಚಪ್ಪಲಿ ಸಪ್ಪಳಿಲ್ಲ. ನಮ್ಮ ಮನಿಗೆ ಬರಿಗಾಲಲೆ ಬರಾಂವ ಎಣ್ಣಿಯಾಂವ ಒಬ್ಬನ. ಅವಂದೂ ಶನಿವಾರ, ಅವತ್ತೂ ಶನಿವಾರ.’

‘ನಿಂಗ ಕಣ್ಣು ಕಾಣೂದಿಲ್ಲೇನು?’

ಆಯಿ ಬಾಗಿಲ ಕಡೆ ಕಿವಿಗೊಟ್ಟು, ಯಾರೂ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು.

‘ಕಾಣ್ತಾವ, ಬೆಳಕ ಮೈಮ್ಯಾಲೆ ಬಿದ್ರ. ಮಂಜಿನಾಗ ನೋಡಿದಂಗ ಕಾಣ್ತಾವ. ಎರಡ ವರ್ಷ ಆತು. ಯಾರ ಮುಂದೂ ಹೇಳಬ್ಯಾಡ.’

‘ಯಾಕ ಹೇಳಲಿಲ್ಲ ಆಯಿ?’

‘ಕಣ್ಣಿಲ್ಲಾ ಅಂದ್ರ ಒಲಿ ಮುಂದ ಕುಂದ್ರಾಕ ಬಿಡ್ತಾರೇನು? ಅದಕ್ಕ ಮುಚ್ಚಿಟ್ಟೆ. ತಲಿ ಇಲ್ಲಂತಾರಂತ ನನಗೇನ ಗೊತ್ತಿತ್ತು?’ ಎಂದವಳು ನನ್ನ ಕೈ ಹಿಡಿದಳು. ‘ಈಗ ಅಂಜಿಕಿ ಬರಾಕತ್ತೈತಿ ಯವ್ವಾ. ಕತ್ತಲದಾಗ ಕುಂತು ಕುಂತು ಖರೇನ ತಲಿ ಹೋಗಾಕತ್ತೈತಿ. ನಿನ್ನಿ ನಮ್ಮಪ್ಪನ ಹೆಸರ ನೆನಪಾಗಲಿಲ್ಲ.’

ನಾನು ಅತ್ತೆ. ಚಪ್ಪಲಿ ಬಿಡಿಸಿದ್ದು ನಾನೇ ಎಂದು ಹೇಳಿಬಿಟ್ಟೆ. ಆಯಿ ನನ್ನ ತಲೆಗೆ ಒಂದು ಮೊಟಕಿದಳು, ನೋಯುವಂತೆಯೇ. ಆಮೇಲೆ ಕೈಯಲ್ಲಿದ್ದ ಬೆಲ್ಲವನ್ನು ಮುರಿದು ಅರ್ಧ ತಾನು ತಿಂದಳು. ‘ಭಾಳ ಶ್ಯಾಣ್ಯಾಕಿ ಇದ್ದೀದಿ, ನನ್ನಂಗ’ ಎಂದಳು.

ಹೇಳಬೇಡ ಎಂದಿದ್ದಳು. ನಾನು ಅವತ್ತೇ ಅವ್ವನಿಗೆ ಹೇಳಿದೆ. ಕಾಕಾ ನಂಬಲಿಲ್ಲ. ಹುಡುಗಿಯ ಮಾತು ಎಂದ. ಅವ್ವ ಅವನೊಡನೆ ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಆಯಿಯ ಕೈಹಿಡಿದು ತಂದು ಪಡಸಾಲೆಯಲ್ಲಿ ಕೂಡಿಸಿ, ಕೌದಿ ಕೊಟ್ಟು, ತಾನು ಜೋಳ ಹಸನು ಮಾಡುತ್ತ ಎದುರಿಗೆ ಕುಳಿತಳು. ಆಯಿ ಬೆಳಕಿಗೆ ಬೆನ್ನು ಕೊಟ್ಟು, ಕೌದಿಯ ಮೇಲೆ ಬಿಸಿಲು ಬೀಳುವ ಹಾಗೆ ಹರವಿಕೊಂಡಳು. ಸ್ವಲ್ಪ ಹೊತ್ತಿಗೆ ಒಂದು ಗೇಣು ಸರಿದಳು. ಮತ್ತೆ ಒಂದು ಗೇಣು. ಕಾಕಾ ಊಟಕ್ಕೆ ಬರುವ ಹೊತ್ತಿಗೆ ಅವಳು ಪಡಸಾಲೆಯ ನಡುವೆ ಇದ್ದಳು.

‘ನೋಡ್ರಿ, ಮತ್ತ ಶುರು ಮಾಡ್ಯಾಳ’ ಎಂದ ಕಾಕಾ.

ಅವ್ವ ಅವನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

‘ಅತ್ತಿ ತಿರಗಾಕತ್ತಿಲ್ಲರಿ. ಬಿಸಲ ತಿರಗಾಕತ್ತೈತಿ. ನೆಲಾ ನೋಡ್ರಿ.’

ಕಾಕಾ ನೆಲ ನೋಡಿದ. ಬೆಳಕಿಂಡಿ ನೋಡಿದ. ಇಪ್ಪತ್ತೈದು ವರ್ಷ ಅದೇ ಬಿಸಿಲಿನಲ್ಲಿ ಹೊತ್ತು ನೋಡಿಕೊಂಡು ಬದುಕಿದ ಮನುಷ್ಯ ಅವನು. ನಾವೆಲ್ಲರೂ ಅಷ್ಟೇ. ಆಯಿ ದಿನವಿಡೀ ಅದರ ಬೆನ್ನು ಹತ್ತಿದ್ದಳು, ನಾವು ಹುಚ್ಚು ಎಂದು ಕರೆದೆವು. ಅವನು ಊಟ ಮಾಡದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತ. ಒಳಗೆ ಬಂದವನು ಹಿಂದಿನ ಖೋಲಿಯಿಂದ ಆಯಿಯ ಹಾಸಿಗೆಯನ್ನು ಹೊತ್ತು ತಂದ.

ಇಂಡಿ ಊರಿನ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು ನಡೆಯುತ್ತದೆ ಎಂಬ ಸುದ್ದಿ ತಂದದ್ದು ಅಪ್ಪ. ಆಯಿ ಸುಲಭಕ್ಕೆ ಒಪ್ಪಲಿಲ್ಲ. ಕಣ್ಣು ಕಿತ್ತು ಗೋಲಿ ಇಡುತ್ತಾರಂತೆ ಎಂದು ಓಣಿಯವರು ಹೆದರಿಸಿದ್ದರು. ನಾನೂ ಜೊತೆಗೆ ಬರುತ್ತೇನೆ ಎಂದ ಮೇಲೆ ಹೊರಟಳು. ತರಗತಿಯ ಕೋಣೆಯಲ್ಲಿ ಸಾಲಾಗಿ ಮಂಚ, ಕರಿಹಲಗೆಯ ಮೇಲೆ ಇನ್ನೂ ಅಳಿಸದ ಗುಣಾಕಾರ. ಆಗಿನ ಆಪರೇಶನ್ನು ಈಗಿನಂತೆ ಹದಿನೈದು ನಿಮಿಷದ ಕೆಲಸವಲ್ಲ. ಕಣ್ಣಿನ ಪೊರೆ ತೆಗೆದು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ದಿನಗಟ್ಟಲೆ ತಲೆ ಅಲ್ಲಾಡಿಸದಂತೆ ಮಲಗಿಸುತ್ತಿದ್ದರು. ಮತ್ತೆ ಕತ್ತಲು ಎಂದು ನಾನು ಹೆದರಿದ್ದೆ. ಆದರೆ ಈ ಕತ್ತಲಲ್ಲಿ ಮಾತಿತ್ತು. ಎರಡು ದಿನದಲ್ಲಿ ಆಯಿ ಆ ಸಾಲಿನ ಅಷ್ಟೂ ಹೆಂಗಸರ ಊರು, ಕೇರಿ, ಸೊಸೆಯಂದಿರ ಗುಣ ಎಲ್ಲ ತಿಳಿದುಕೊಂಡಿದ್ದಳು.

‘ಎಡಕ್ಕಿನಾಕಿ ಸಾಲೋಟಗಿಯಾಕಿ, ಭಾಳ ಛಲೋ ಹೆಣಮಗಳು. ಬಲಕ್ಕಿನಾಕಿ ಆಲಮೇಲದಾಕಿ. ಸೊಸಿ ಹೆಸರ ತಗದ್ರ ಕೆಮ್ಮ ಬರ್ತಾವ ಆಕೀಗಿ, ಬೇಕಾದ್ರ ನೋಡು’ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಬಲಗಡೆಯವಳು ಕೆಮ್ಮಿದಳು.

ಪಟ್ಟಿ ಬಿಚ್ಚಿ ದಪ್ಪ ಗಾಜಿನ ಚಷ್ಮಾ ಹಾಕಿದ ದಿನ ಆಯಿ ಡಾಕ್ಟರನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನನ್ನ ಗದ್ದ ಹಿಡಿದು ಎತ್ತಿದಳು.

‘ಮುಂದಿನ ಹಲ್ಲ ಯಾವಾಗ ಬಿದ್ದು ಹೊಸಾವು ಬಂದೂವು? ನನಗ ಯಾರೂ ಹೇಳಲೇ ಇಲ್ಲ.’

ತಲೆ ಒಂದೇ ದಿನಕ್ಕೆ ತಿರುಗಿ ಬರಲಿಲ್ಲ. ಊಟವಾಯಿತೇ ಎಂಬ ಪ್ರಶ್ನೆ ಇನ್ನೂ ಕೆಲವು ವಾರ ಬರುತ್ತಿತ್ತು. ಆಮೇಲೆ ಅದು ಕಡಿಮೆಯಾಯಿತು, ಆಮೇಲೆ ನಿಂತಿತು. ಮಣೆಯ ಮೇಲೆ ಮತ್ತೆ ಆಯಿ ಕುಳಿತಳು. ಡಬ್ಬಿಗಳನ್ನು ಹಳೆಯ ಜಾಗಕ್ಕೆ ಇಡಿಸಿದಳು, ಕಾಕಾನ ಕೈಯಿಂದಲೇ. ಅವ್ವನಿಗೆ ಗಂಡು ಕೂಸು ಹುಟ್ಟುವ ಹೊತ್ತಿಗೆ ಕೌದಿಯೂ ಮುಗಿಯಿತು. ಅದರ ಅರ್ಧ ಭಾಗದಲ್ಲಿ ಹೊಲಿಗೆ ಸೊಟ್ಟಸೊಟ್ಟಾಗಿ ಓಡಿದೆ. ಬಿಚ್ಚಿ ಹೊಲಿಯೋಣ ಎಂದು ಅವ್ವ ಹೇಳಿದಾಗ ಆಯಿ ಒಪ್ಪಲಿಲ್ಲ. ‘ಕೂಸಿಗೆ ಬೆಚ್ಚಗಾದ್ರ ಸಾಕು’ ಎಂದಳು.

ಕೂಸಿನ ಹೆಸರಿಡುವ ದಿನ ತಂಗಡಗಿ ಮುತ್ಯಾ ಬಂದ. ಈ ಸಲ ಅವನು ಓಣಿಯ ತುದಿಯಿಂದಲೇ ಶುರುಮಾಡಿದ್ದ.

‘ಅಕ್ಕಾ! ನಾ ಬಂದೀನಿ! ತಂಗಡಗಿಯಾಂವ! ನಿನ್ನ ತಮ್ಮ!’

ಎಣ್ಣೆಯವನು ಕೂಡ ಅಷ್ಟು ಕೂಗುತ್ತಿರಲಿಲ್ಲ. ಚಪ್ಪಲಿಯನ್ನು ಬೇಕೆಂದೇ ಟಪಟಪ ಬಡಿಯುತ್ತ ಬಂದು ಹೊಸ್ತಿಲ ಹೊರಗೆ ನಿಂತ, ಒಳಗೆ ಬರಲು ಅಂಜಿ. ಮನೆ ತುಂಬ ಜನ. ಆಯಿ ಒಲೆಯ ಮುಂದಿನಿಂದ ಎದ್ದು ಬಂದು, ಚಷ್ಮಾ ಸರಿಮಾಡಿಕೊಂಡು, ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬಹಳ ಹೊತ್ತು ನೋಡಿದಳು.

‘ಇವತ್ತ ಎಣ್ಣಿ ಬ್ಯಾಡಪಾ’ ಎಂದಳು. ‘ಬರೂ ವಾರ ಬಾ.’

ಕಾಕಾನ ಮುಖ ಬಿಳಿಚಿತು. ಮುತ್ಯಾನ ತುಟಿ ಅದುರತೊಡಗಿತು. ಅಷ್ಟರಲ್ಲಿ ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಹೆಗಲು ಕುಣಿಯತೊಡಗಿದವು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ‘ತಮ್ಮಾ, ನಿನ್ನ ಮೀಸಿ ಪೂರಾ ಬೆಳ್ಳಗಾಗ್ಯಾವಲ್ಲೋ’ ಎಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದವಳು ನಿಜವಾಗಿಯೂ ಅತ್ತಳು. ಆಮೇಲೆ ಎಲ್ಲರ ಕಡೆ ತಿರುಗಿ ಕಾಯಿದೆ ಮಾಡಿದಳು:

‘ಇನ್ನ ಮ್ಯಾಲೆ ಈ ಮನಿಗೆ ಯಾರ ಬಂದ್ರೂ ಹೊರಗ ನಿಂತು ತಮ್ಮ ಹೆಸರ ಹೇಳಿ ಒಳಗ ಬರಬೇಕು. ಮುದುಕರಿಗೆ ಪರೀಕ್ಷಾ ಬಂದ್.’

ಕಣ್ಣು ಮಂಜಾದವರ ನೆನಪೂ ಮಂಜಾಗುವುದುಂಟು ಎಂದು ಈಗ ಡಾಕ್ಟರುಗಳೂ ಹೇಳುತ್ತಾರೆ. ಮುಖ ಕಾಣದಿದ್ದರೆ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದರೆ ತಲೆಗೆ ಕೆಲಸವಿಲ್ಲ. ನಾವು ಇದನ್ನು ಹಿಂದಿನ ಖೋಲಿಯಲ್ಲಿ ಕಲಿತೆವು. ಎಲ್ಲರ ಮರೆವೂ ಕಣ್ಣಿನಿಂದ ಬಂದದ್ದಲ್ಲ, ಅದೂ ಗೊತ್ತು. ಕೊನೆಗಾಲದಲ್ಲಿ ಕಾಕಾನ ಕಣ್ಣು ಚೊಕ್ಕವಾಗಿದ್ದವು, ಆದರೂ ತನ್ನ ಹೆಸರನ್ನೇ ಮರೆತ. ನಾವು ಬಾಗಿಲಲ್ಲಿ ನಮ್ಮ ಹೆಸರು ಹೇಳಿಯೇ ಅವನ ಬಳಿ ಹೋಗುತ್ತಿದ್ದೆವು. ಆಯಿ ಮಾತ್ರ ತೊಂಬತ್ತು ದಾಟಿದ ಮೇಲೂ ಯಾರ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಹೇಳುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಉಳಿಯುತ್ತದೆ. ಬೆರಳು ನೋಯುತ್ತವೆ ಎಂದು ಮೊದಲಿಗೆ ಹೇಳಿದೆನಲ್ಲ, ಅದು ಸುಳ್ಳು. ಒಂದು ವರ್ಷದಿಂದ ನನಗೆ ಅಕ್ಷರ ಕಾಣುವುದಿಲ್ಲ. ಪೇಪರಿನಲ್ಲಿ ಓದುವಂಥದ್ದೇನೂ ಬರುವುದಿಲ್ಲ ಎಂದು ಪೇಪರು ಬಿಟ್ಟೆ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಗೆಳತಿಯನ್ನು ಗುರುತಿಸದೆ ಹೋದ ಮೇಲೆ, ಮಂಡಿನೋವು ಎಂದು ಮದುವೆಗಳನ್ನೇ ಬಿಟ್ಟೆ. ‘ಅತ್ತಿಯವರಿಗೆ ಇತ್ತಿತ್ತಲಾಗೆ ಮರವು ಜಾಸ್ತಿ ಆಗೇತಿ’ ಎಂದು ಸವಿತಾ ಮಗನಿಗೆ ಹೇಳುವುದು ಕಿವಿಗೆ ಬಿತ್ತು. ಸಿಟ್ಟು ಬಂತು, ಅಂಜಿಕೆಯೂ ಬಂತು, ಆದರೂ ಬಾಯಿ ಬಿಡಲಿಲ್ಲ. ಆಯಿಯ ಇಡೀ ಕಥೆ ಗೊತ್ತಿದ್ದ ನಾನೂ ಅವಳು ಮಾಡಿದ್ದನ್ನೇ ಮಾಡಿದೆ. ಒಲೆ ಬಿಡಲು ಯಾರಿಗೂ ಮನಸ್ಸಿರುವುದಿಲ್ಲ.

ಈ ಸಾಲು ಹೇಳುತ್ತಿದ್ದಂತೆ ಎದುರಿಗೆ ಟೈಪಿನ ಸಪ್ಪಳ ನಿಂತಿತು.

‘ಅತ್ತಿ, ಈಗ ನನ್ನ ಮಾರಿ ಕಾಣಾಕತ್ತೈತೇನ್ರಿ ನಿಮಗ?’

‘ಇಲ್ಲ ಯವ್ವಾ’ ಎಂದೆ. ‘ನಿನ್ನ ಬೆನ್ನಿಗೆ ಕಿಡಕಿ ಐತಿ.’

ಸೋಮವಾರ ಬೆಳಗಿನ ಬಸ್ಸಿಗೇ ವಿಜಯಪುರಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಎಂದಳು. ಹೂಂ ಎಂದೆ. ಅವಳು ಏನೂ ಬೈಯಲಿಲ್ಲ. ಎದ್ದು, ಕುರ್ಚಿಯನ್ನು ಸರಸರ ಎಳೆದು ನನ್ನ ಪಕ್ಕಕ್ಕೆ ತಂದು, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕುಳಿತಳು. ಮಂಜಿನೊಳಗಿಂದ ಮೊದಲು ಕುಂಕುಮ ಕಂಡಿತು, ಆಮೇಲೆ ಒದ್ದೆಯಾದ ಕಣ್ಣು.

‘ನಾ ಸವಿತಾ ರೀ, ಅತ್ತಿ’ ಎಂದಳು. ‘ಒಳಗ ಬಂದೀನಿ. ಮುಂದ ಹೇಳ್ರಿ.’